ನಮ್ಮ ದುಡ್ಡು ತೆಗೆಯಲು ನಾವೇ ದುಡ್ಡು ಕೊಡಬೇಕೆ?

ಕುರಕುಂಟಾ, ಸೇಡಂ, ಚಿಂಚೋಳಿ ಕಡೆಯಿಂದ ಗಾರೆ ಕೆಲಸಕ್ಕೆ ಹೋಗುವವರಿಗೆ ಹೈದರಾಬಾದೇ ಪರದೇಶ. ಅಲ್ಲಿ ಇಳಿದ ಕೂಡಲೇ ಎಟಿಎಂ ಲೆಕ್ಕ ಬದಲಾಗುತ್ತದೆ. ಬೇರೆ ಬ್ಯಾಂಕಿನ ಎಟಿಎಂ ಬಳಸಿದರೆ ಸೇಡಂನಲ್ಲಿ ತಿಂಗಳಿಗೆ 5 ಸಲ ಉಚಿತ. ಹೈದರಾಬಾದ್, ಮುಂಬೈ, ಬೆಂಗಳೂರಿನಲ್ಲಿ 3 ಸಲ ಮಾತ್ರ. ಬ್ಯಾಲೆನ್ಸ್ ನೋಡಿದರೂ ಒಂದು ಸಲವೆಂದೇ ಲೆಕ್ಕ. ಆಮೇಲೆ ಪ್ರತಿ ಸಲಕ್ಕೆ 23 ರೂಪಾಯಿವರೆಗೆ ಶುಲ್ಕ, ಅದರ ಮೇಲೆ ಜಿಎಸ್‌ಟಿ. 21 ಇದ್ದುದನ್ನು ರಿಸರ್ವ್ ಬ್ಯಾಂಕ್ 2025ರ ಮೇ 1ರಿಂದ ಏರಿಸಿತು.

500 ತೆಗೆದವನಿಗೆ 27 ರೂಪಾಯಿ ಹೋಯಿತು, ಅಂದರೆ ನೂರಕ್ಕೆ ಐದಕ್ಕಿಂತ ಹೆಚ್ಚು. 10,000 ತೆಗೆದವನಿಗೂ ಅದೇ 27. ವಿದೇಶದಲ್ಲಿ ಕಾರ್ಡ್ ಬಳಸುವವರು ನೂರಕ್ಕೆ ಮೂರೂವರೆ ಹೋಯಿತೆಂದು ಗೊಣಗುತ್ತಾರೆ. ನಮ್ಮ ಕೂಲಿಯವರು ದೇಶದೊಳಗೇ ಅದಕ್ಕಿಂತ ಹೆಚ್ಚು ತೆರುತ್ತಿದ್ದಾರೆ.

‘ಒಮ್ಮೆಲೇ ಹೆಚ್ಚು ತೆಗೆಯಿರಿ’ ಎನ್ನುತ್ತಾರೆ. ವಾರದ ಬಟವಾಡೆಯಲ್ಲಿ ಬದುಕುವವರ ಖಾತೆಯಲ್ಲಿ ಹೆಚ್ಚು ಎಲ್ಲಿರುತ್ತದೆ? ಸದ್ಯಕ್ಕೆ ನಿಮ್ಮದೇ ಬ್ಯಾಂಕಿನ ಎಟಿಎಂ ಹುಡುಕಿ. ಸಾಮಾನ್ಯ ಉಳಿತಾಯ ಖಾತೆಗೆ ಅಲ್ಲಿ 5 ಸಲ ಉಚಿತ.

ಆದರೆ ಜಾಣತನದಿಂದ ಅನ್ಯಾಯ ತೀರುವುದಿಲ್ಲ. ನಮ್ಮ ಒತ್ತಾಯ ಎರಡು: ಊರಿನ ಶಾಖೆಯ ಖಾತೆಗೆ ಎಲ್ಲಿ ಹೋದರೂ ಊರಿನ ಮಿತಿಯೇ ಇರಲಿ. ನೋಟು ಹೊರಬರುವ ಮೊದಲೇ ಶುಲ್ಕ ಎಷ್ಟೆಂದು ಪರದೆಯ ಮೇಲೆ ಕನ್ನಡದಲ್ಲಿ ಕಾಣಲಿ.