ತೂಕ ಇಳಿಸುವ ಸ್ಪರ್ಧೆ ನಮಗೆ ಬೇಡ

ಹೊಸ ವರ್ಷ ಸಮೀಪಿಸಿದಂತೆ ನಮ್ಮ ಕೂಟಗಳಲ್ಲಿ ಒಂದು ಉತ್ಸಾಹ ತಲೆಯೆತ್ತುತ್ತದೆ: ಯುಗಾದಿಯೊಳಗೆ ಅತಿ ಹೆಚ್ಚು ತೂಕ ಇಳಿಸಿದವರಿಗೆ ವೇದಿಕೆಯ ಮೇಲೆ ಬಹುಮಾನ. ಉದ್ದೇಶ ಒಳ್ಳೆಯದೇ. ಆದರೂ ಮಾರ್ಗನ್ ಹಿಲ್‌ನ ನಾವು ಕೆಲವು ಕುಟುಂಬಗಳು ಇದನ್ನು ಒಪ್ಪಲಾರೆವು.

ಇಂಥ ಸ್ಪರ್ಧೆಗೆ ತೆಳ್ಳಗಿರುವವರು ಹೆಸರು ಕೊಡುವುದೇ ಇಲ್ಲ. ತಮಗೇನೂ ಆಗದೆಂಬ ಧೈರ್ಯ ಅವರದು. ನಮ್ಮ ಜನರ ಮಟ್ಟಿಗೆ ಇದಕ್ಕಿಂತ ಅಪಾಯದ ಭ್ರಮೆ ಬೇರೊಂದಿಲ್ಲ. 2004ರಲ್ಲಿ ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಹಾಗೂ ಬ್ರಿಟನ್ನಿನ ಜಾನ್ ಯುಡ್ಕಿನ್ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ತಮ್ಮಿಬ್ಬರ ಚಿತ್ರವನ್ನೇ ಪ್ರಕಟಿಸಿದರು. ಎತ್ತರಕ್ಕೂ ತೂಕಕ್ಕೂ ಇರುವ ಅನುಪಾತ, ಅಂದರೆ ಬಿಎಂಐ, ಇಬ್ಬರಿಗೂ 22.3. ದೇಹದ ಕೊಬ್ಬು ಮಾತ್ರ ಯುಡ್ಕಿನ್ನರಿಗೆ ಶೇ. 9.1, ಯಾಜ್ಞಿಕರಿಗೆ ಶೇ. 21.2! ತಕ್ಕಡಿಗೆ ಈ ವ್ಯತ್ಯಾಸ ಕಾಣದು.

ಮೈಸೂರಿನ ಸಾಕ್ಷ್ಯ ಇನ್ನೂ ಹತ್ತಿರದ್ದು. ಊರಿನವರು ಮಿಷನ್ ಆಸ್ಪತ್ರೆ ಎನ್ನುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ಹುಟ್ಟಿದ ಕೂಸುಗಳ ತೂಕವನ್ನು 1934ರಿಂದಲೂ ಬರೆದಿಟ್ಟಿದ್ದರು. ಅಲ್ಲಿ 1954ರೊಳಗೆ ಹುಟ್ಟಿದ 517 ಮಂದಿಯನ್ನು ದಶಕಗಳ ನಂತರ ಪರೀಕ್ಷಿಸಿದಾಗ, ಕಡಿಮೆ ತೂಕದೊಂದಿಗೆ ಹುಟ್ಟಿದವರಲ್ಲೇ ಹೃದ್ರೋಗ ಹೆಚ್ಚಾಗಿ ಕಂಡಿತು. ನಮ್ಮಲ್ಲಿ ಅನೇಕರ ತಂದೆತಾಯಿಯರ ತಲೆಮಾರು ಅದು.

ಹಾಗೆಂದು ತೂಕ ಲೆಕ್ಕಕ್ಕೇ ಇಲ್ಲವೆಂದು ವಾದಿಸುವವರ ಪಕ್ಷವೂ ನಮ್ಮದಲ್ಲ. ಅಮೆರಿಕದ ಮಧುಮೇಹ ಸಂಘ 2015ರಲ್ಲಿ ಏಷ್ಯಾ ಮೂಲದವರಿಗೆ ಮಧುಮೇಹ ತಪಾಸಣೆಯ ಬಿಎಂಐ ಮಿತಿಯನ್ನು 25ರಿಂದ 23ಕ್ಕೆ ಇಳಿಸಿತು. ಐದಡಿ ಆರಂಗುಲದವರಿಗೆ ಅದು ಸುಮಾರು 142 ಪೌಂಡು. ಹಳೆಯ ಲೆಕ್ಕದಲ್ಲಿ 155. ಇವೆರಡರ ನಡುವೆ ನಿಶ್ಚಿಂತರಾಗಿರುವವರು ನಮ್ಮ ಬಳಗದಲ್ಲಿ ಎಷ್ಟು ಮಂದಿ! ತೂಕದ ಯಂತ್ರಕ್ಕಿಂತ ದರ್ಜಿಯ ಟೇಪು ಮೇಲು: ಸೊಂಟದ ಸುತ್ತಳತೆ ನಮ್ಮವರಲ್ಲಿ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರು ಮುಟ್ಟಿತೆಂದರೆ ಎಚ್ಚರಿಕೆಯ ಗಂಟೆ.

ಟೇಪಿಗೂ ಮಿಗಿಲಾದದ್ದೊಂದಿದೆ, ಅದು ಮೈಯ ಕಸುವು. ಜೆರಿ ಮಾರಿಸ್ ಎಂಬ ವೈದ್ಯವಿಜ್ಞಾನಿ 1953ರಲ್ಲಿ ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ಸಿಬ್ಬಂದಿಯನ್ನು ಹೋಲಿಸಿದರು. ದಿನವಿಡೀ ಕುಳಿತ ಚಾಲಕರಿಗಿಂತ ಮೆಟ್ಟಿಲು ಹತ್ತಿಳಿಯುತ್ತಿದ್ದ ನಿರ್ವಾಹಕರಲ್ಲಿ ಹೃದಯಾಘಾತ ಕಡಿಮೆ. ಚಾಲಕರು ದಪ್ಪಗಿದ್ದರು, ಅದಕ್ಕೇ ಎಂಬ ಆಕ್ಷೇಪ ಬಂದಾಗ ಸಮವಸ್ತ್ರದ ಷರಾಯಿಗಳ ಅಳತೆಯನ್ನೇ ತರಿಸಿ ನೋಡಿದರು. ಸೊಂಟ ಸಣ್ಣದಿರಲಿ ದೊಡ್ಡದಿರಲಿ, ನಿರ್ವಾಹಕರೇ ಸುರಕ್ಷಿತರು. 101 ಹೆದ್ದಾರಿಯಲ್ಲಿ ಸಾಲುಗಟ್ಟಿ ಕೂರುವ ನಾವೆಲ್ಲ ಚಾಲಕರ ಜಾತಿ. ಬೈಸಿಕಲ್ ತಯಾರಿಸುವ ಸ್ಪೆಷಲೈಸ್ಡ್ ಕಂಪನಿಯ ಮುಖ್ಯ ಕಚೇರಿ ನಮ್ಮೂರಿನಲ್ಲೇ ಇದೆ. ನಮ್ಮ ಗ್ಯಾರೇಜುಗಳಲ್ಲಿ ಸೈಕಲ್ಲುಗಳೂ ಇವೆ, ಧೂಳು ಹಿಡಿದು.

ಉಂಡ ಸಕ್ಕರೆಯ ಬಹುಪಾಲನ್ನು ಹೀರಿಕೊಳ್ಳುವುದು ಮಾಂಸಖಂಡ. ಬಹುಮಾನದ ಆಸೆಗೆ ಉಪವಾಸ ಬಿದ್ದು ತೂಕ ಇಳಿಸಿದರೆ ಕೊಬ್ಬಿನೊಡನೆ ಅದೂ ಕರಗುತ್ತದೆ. ತೂಕ ಮರಳಿ ಬರುವಾಗ ಮುಖ್ಯವಾಗಿ ಬರುವುದು ಕೊಬ್ಬು. ಹೀಗೆ ಮೊದಲಿಗಿಂತ ದುರ್ಬಲರಾದವರಿಗೆ ನಾವು ಶಾಲು ಹೊದಿಸಬೇಕೇ?

ಇನ್ನೊಂದು ಮಾತು ಕಹಿಯಾದರೂ ಹೇಳಲೇಬೇಕು. ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತ ಹದಿನಾಲ್ಕರ ಹುಡುಗಿಗೆ "ಏನು ಪುಟ್ಟಿ, ದಪ್ಪಗಾಗಿಬಿಟ್ಟಿದ್ದೀಯ" ಎನ್ನುವುದು ಅಕ್ಕರೆಯಲ್ಲ. ಆಕೆ ಮುಂದಿನ ಹಬ್ಬಕ್ಕೆ ಬರಲೊಲ್ಲೆ ಎಂದಾಗ, ಮಕ್ಕಳಿಗೆ ಕನ್ನಡದಲ್ಲಿ ಆಸಕ್ತಿಯಿಲ್ಲವೆಂದು ಕೊರಗುವವರೂ ನಾವೇ. ಆ ವೇದಿಕೆಯ ಮೇಲೆ ತೂಕದ ಯಂತ್ರವನ್ನೂ ತಂದಿಟ್ಟರೆ ಮುಗಿಯಿತು.

ಸಮಿತಿಗೆ ನಮ್ಮ ಕೋರಿಕೆ ಇಷ್ಟು. ಸ್ಪರ್ಧೆಗೆಂದು ತೆಗೆದಿಡುವ ಹಣದಲ್ಲಿ ರಕ್ತದೊತ್ತಡ, ಸಕ್ಕರೆ, ಸೊಂಟದಳತೆಗಳ ಒಂದು ತಪಾಸಣಾ ಶಿಬಿರ ನಡೆಯಲಿ. ತೆಳ್ಳಗಿನವರನ್ನು ಮುಂದಾಗಿ ಕರೆಯಲಿ. ರಾತ್ರಿ ಹತ್ತಕ್ಕೆ ಬಡಿಸುವ ಊಟ ಏಳಕ್ಕೆ ಬರಲಿ; ಹೋಳಿಗೆ ಇರಲಿ, ಅದರ ಮೇಲೆ ನಮಗೆ ಹಗೆಯಿಲ್ಲ. ಆ್ಯಂಡರ್ಸನ್ ಸರೋವರದ ಬಳಿಯಿಂದ ಹೊರಡುವ ಕಯೋಟಿ ತೊರೆಯ ದಾರಿಯಲ್ಲಿ ನಾವು ಭಾನುವಾರ ಬೆಳಗ್ಗೆ ನಡೆಯಲು ಸಿದ್ಧರಿದ್ದೇವೆ, ಅಜ್ಜ ಅಜ್ಜಿಯರ ಹೆಜ್ಜೆಗೆ ಹೆಜ್ಜೆ ಹೊಂದಿಸಿ. ಯಾರ ತೂಕವನ್ನೂ ಅಲ್ಲಿ ಕೇಳುವುದಿಲ್ಲ.