ಮೊದಲು ತಾಯಿತೋಟ, ಅನಂತರ ಪ್ರಯೋಗಾಲಯ

ಬಾಳೆ ನೆಡುವವರು ನೆರೆಯ ತೋಟದಿಂದ ಕಂದು ತರುವ ಕಾಲ ಹಿಂದೆ ಸರಿಯುತ್ತಿದೆ. ಈಗ ಅಂಗಾಂಶ ಕೃಷಿಯ ಸಸಿಗಳದೇ ಮಾತು. ಶ್ರೀಮಠದ ಆಶ್ರಯದಲ್ಲಿ ಬೆಳೆದ ನಮ್ಮ ಶಾಲೆಗೂ ಅಂಥ ಪ್ರಯೋಗಾಲಯವೊಂದು ಬೇಕೆಂದು ಹಳೆಯ ವಿದ್ಯಾರ್ಥಿಗಳು ಅಪೇಕ್ಷಿಸುತ್ತಿರುವುದು ಸಂತೋಷದ ಸಂಗತಿ. ಆ ಅಪೇಕ್ಷೆಯನ್ನು ಗೌರವಿಸಿಯೇ ನಾನೊಂದು ವಿನಂತಿಯನ್ನು ಮಾಡಬಯಸುತ್ತೇನೆ.

ಸಸ್ಯದ ಒಂದೊಂದು ಜೀವಕೋಶದಲ್ಲಿಯೂ ಪೂರ್ಣ ಸಸ್ಯವಾಗುವ ಶಕ್ತಿ ಅಡಗಿದೆಯೆಂಬ ವಿಚಾರವನ್ನು 1902ರಲ್ಲಿ ಹೇಬರ್‌ಲಾಂಟ್ ಎಂಬ ವಿಜ್ಞಾನಿ ಮಂಡಿಸಿದನು. 1962ರಲ್ಲಿ ಮುರಾಶಿಗೆ ಮತ್ತು ಸ್ಕೂಗ್ ಪ್ರಕಟಿಸಿದ ಪೋಷಕ ದ್ರಾವಣದ ಸೂತ್ರವು ಈ ವಿದ್ಯೆಗೆ ಭದ್ರವಾದ ತಳಹದಿಯಾಯಿತು. ಬಾಳೆಯ ಕಂದಿನ ಸುಳಿಭಾಗವನ್ನು ಶುದ್ಧಿಗೊಳಿಸಿ, ಲವಣ, ಸಕ್ಕರೆ, ಹಾರ್ಮೋನುಗಳಿರುವ ಸೀಸೆಯಲ್ಲಿಟ್ಟರೆ ಅದು ಅನೇಕ ಮೊಳಕೆಗಳಾಗಿ ಒಡೆಯುತ್ತದೆ. ಅವನ್ನು ಮತ್ತೆ ಮತ್ತೆ ಬೇರ್ಪಡಿಸಿ, ಬೇರು ಬರಿಸಿ, ನೆರಳುಮನೆಯಲ್ಲಿ ಹದಗೊಳಿಸಿ ರೈತನಿಗೆ ಕೊಡುತ್ತಾರೆ.

ಇದರ ಉಪಕಾರ ದೊಡ್ಡದು. ಆದರೆ ಅದರ ಮಿತಿಯನ್ನೂ ಅರಿಯಬೇಕು. ಸೀಸೆಯು ತಾಯಿಗಿಡದ ಗುಣವನ್ನು ಹೆಚ್ಚಿಸುತ್ತದೆಯೇ ಹೊರತು ಇಲ್ಲದ ಗುಣವನ್ನು ಸೃಷ್ಟಿಸುವುದಿಲ್ಲ. ರೋಗವಿಲ್ಲದ ಸಸಿ ಬೇರೆ, ರೋಗವನ್ನು ತಡೆಯಬಲ್ಲ ಸಸಿ ಬೇರೆ. ನಂಜನಗೂಡಿನ ರಸಬಾಳೆ ಪನಾಮಾ ಸೊರಗು ರೋಗದಿಂದ ವಿರಳವಾಯಿತು. ಆ ರೋಗದ ಶಿಲೀಂಧ್ರ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ಅಂಥ ಮಣ್ಣಿನಲ್ಲಿ ನಿರ್ಮಲವಾದ ಸಸಿಯನ್ನು ನೆಟ್ಟರೂ ಅದು ಸೊರಗಬಹುದು. ಪಚ್ಚಬಾಳೆಯನ್ನು ಹಿಡಿಯುವ ಅದರ ಹೊಸ ಬಗೆಯೊಂದು ಬಿಹಾರ, ಉತ್ತರಪ್ರದೇಶಗಳಲ್ಲಿ ಕಾಣಿಸಿಕೊಂಡಿದೆ. ತೋಟದ ತುಂಬ ಒಂದೇ ತಾಯಿಯ ಮಕ್ಕಳಿದ್ದರೆ, ಒಂದಕ್ಕೆ ತಗುಲಿದ ಕೇಡು ಎಲ್ಲಕ್ಕೂ ತಗುಲುವುದು ಸುಲಭ.

ಇನ್ನು ಅರಸೀಕೆರೆಯ ಕಡೆಯವರ ಜೀವನಾಧಾರವಾದ ತೆಂಗು. ಅದಕ್ಕೆ ಕಂದಿಲ್ಲ, ಇರುವುದೊಂದೇ ಸುಳಿ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ದಶಕಗಳಿಂದ ಶ್ರಮಿಸಿದರೂ ತೆಂಗು ಬಾಳೆಯಷ್ಟು ಸುಲಭವಾಗಿ ಸೀಸೆಗೆ ಒಲಿದಿಲ್ಲ. ಇಂದಿಗೂ ರೈತನ ಆಸರೆ ಒಳ್ಳೆಯ ಮರದಿಂದ ಆರಿಸಿದ ಬೀಜದ ಕಾಯಿಯೇ. ಎತ್ತರದ ತಳಿಗಳಲ್ಲಿ ಪರಕೀಯ ಪರಾಗಸ್ಪರ್ಶ ನಡೆಯುವುದರಿಂದ, ಮರಿಗಳೆಲ್ಲ ತಾಯಿಯಂತೆಯೇ ಆಗುವವೆಂಬ ಭರವಸೆಯೂ ಇಲ್ಲ. ಆದುದರಿಂದ ಆಯ್ಕೆಯಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು.

ಆದಕಾರಣ ದಾನಿಗಳಲ್ಲಿ ನನ್ನ ಪ್ರಾರ್ಥನೆ ಇಷ್ಟೇ: ಮೊದಲು ಶಾಲೆಯ ಅಂಗಳದಲ್ಲಿ ತಾಯಿತೋಟವೊಂದನ್ನು ಬೆಳೆಸೋಣ. ಈ ಸೀಮೆಯ ಬಾಳೆ, ತೆಂಗು, ಹಲಸು, ಮಾವುಗಳ ಉತ್ತಮ ತಳಿಗಳು ಅಲ್ಲಿರಲಿ. ಯಾವ ಮರ ಬರಗಾಲದಲ್ಲಿಯೂ ಫಲ ಕೊಟ್ಟಿತು, ಯಾವುದಕ್ಕೆ ರೋಗ ತಗುಲಿತು ಎಂಬುದನ್ನು ಮಕ್ಕಳು ವರ್ಷವರ್ಷವೂ ಬರೆದಿಡಲಿ. ಉಪಾಧ್ಯಾಯರು ಆ ಪುಸ್ತಕವನ್ನೇ ವಿಜ್ಞಾನದ ಪಾಠವಾಗಿಸಲಿ. ಮುಂದೆ ಪ್ರಯೋಗಾಲಯ ಬಂದಾಗ ಸೀಸೆಯಲ್ಲಿ ಏನನ್ನು ಇಡಬೇಕೆಂಬುದನ್ನು ಆ ಪುಸ್ತಕವೇ ತಿಳಿಸುವುದು.

ಸೀಸೆ, ಯಂತ್ರಗಳನ್ನು ಹಣದಿಂದ ಕೊಳ್ಳಬಹುದು. ಹತ್ತು ವರ್ಷ ನೋಡಿ ಆರಿಸಿದ ಮರವನ್ನು ಕೊಳ್ಳಲಾಗದು. ನೋಡುವುದು ಮಕ್ಕಳ ಕಾಯಕವಾಗಲಿ, ಆ ತೋಟದ ಸಸಿಗಳು ಊರಿಗೆ ಶಾಲೆ ಮಾಡುವ ದಾಸೋಹವಾಗಲಿ.