ವಿಷ ಬೇಡುವ ಗುಲಾಬಿ ನಮ್ಮ ಅಂಗಳಕ್ಕೆ ಬೇಡ

ಮಲೆನಾಡಿನ ಮನೆಯಂಗಳಗಳಲ್ಲಿ ಇಂದು ಒಂದು ವಿಪರ್ಯಾಸ ನಡೆದಿದೆ. ಗದ್ದೆಗೆ ಕೀಟನಾಶಕ ಸಲ್ಲದೆಂದು ಸಭೆಗಳಲ್ಲಿ ವಾದಿಸುವ ನಮ್ಮಲ್ಲೇ ಕೆಲವರ ಜಗಲಿಯ ಮೂಲೆಯಲ್ಲಿ, ಗುಲಾಬಿಗೆಂದು ತಂದ ವಿಷದ ಸೀಸೆ ಇರುತ್ತದೆ. ಗೇರುತೋಪುಗಳ ಮೇಲೆ ಆಕಾಶದಿಂದ ಸುರಿದ ಎಂಡೋಸಲ್ಫಾನಿನ ಫಲವನ್ನು ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆಗಳ ಜನರು ಇಂದಿಗೂ ಅನುಭವಿಸುತ್ತಿದ್ದಾರೆ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ವಿಷದ ತಯಾರಿಕೆ, ಮಾರಾಟ, ಬಳಕೆಗಳನ್ನು ತಡೆದಾಗ ನಾವು ಸಂತೋಷಪಟ್ಟೆವು. ಆದರೆ ಬಾವಿಕಟ್ಟೆಯಿಂದ ಹತ್ತು ಹೆಜ್ಜೆ ದೂರದಲ್ಲಿ, ಮಕ್ಕಳು ಆಡುವ ಅಂಗಳದಲ್ಲಿ, ಒಂದು ಹೂವಿಗಾಗಿ ನಾವೇ ಸಿಂಪಡಿಸುವ ವಿಷದ ವಿಷಯದಲ್ಲಿ ಮೌನವಾಗಿದ್ದೇವೆ.

ತಪ್ಪು ಗುಲಾಬಿಯದಲ್ಲ, ನಮ್ಮ ಆಯ್ಕೆಯದು. ಜಾತ್ರೆಯಲ್ಲಿ, ಸಸಿ ಮಾರುವ ವಾಹನಗಳಲ್ಲಿ ನಮ್ಮ ಕಣ್ಸೆಳೆಯುವ ಉದ್ದ ತೊಟ್ಟಿನ, ದೊಡ್ಡ ಮೊಗ್ಗಿನ ಕಸಿಗಿಡಗಳು ಬಹುಮಟ್ಟಿಗೆ ‘ಹೈಬ್ರಿಡ್ ಟೀ’ ವರ್ಗಕ್ಕೆ ಸೇರಿದವು. 1867ರಲ್ಲಿ ಫ್ರಾನ್ಸಿನಲ್ಲಿ ಹೊರಬಂದ ‘ಲಾ ಫ್ರಾನ್ಸ್’ ಈ ವರ್ಗದ ಮೊದಲ ತಳಿಯೆಂದು ಪರಿಗಣಿತವಾಗಿದೆ. 1900ರಲ್ಲಿ ಅದೇ ದೇಶದ ಪೆರ್ನೆ-ದುಶೆ ಎಂಬ ತಳಿತಜ್ಞ ‘ಸೊಲೇ ದೋರ್’ ಎಂಬ ತಳಿಯನ್ನು ಹೊರತಂದ. ಪಶ್ಚಿಮ ಏಷ್ಯಾದ ಒಣನಾಡಿನ ಹಳದಿ ಗುಲಾಬಿಯ ರಕ್ತ ಆಧುನಿಕ ಗುಲಾಬಿಗಳಿಗೆ ಸೇರಿದ್ದು ಈ ದಾರಿಯಿಂದ. ಬಣ್ಣವೇನೋ ಬಂದಿತು, ಅದರೊಡನೆ ಕಪ್ಪುಚುಕ್ಕೆ ರೋಗಕ್ಕೆ ಸುಲಭವಾಗಿ ತುತ್ತಾಗುವ ದೌರ್ಬಲ್ಯವೂ ಬಂದಿತು.

ಈ ರೋಗವನ್ನು ತರುವ ಶಿಲೀಂಧ್ರದ ಬೀಜಕಣವು ಎಲೆಯನ್ನು ಹೊಕ್ಕಲು ಎಲೆ ಸುಮಾರು 7 ಗಂಟೆಗಳ ಕಾಲ ಸತತವಾಗಿ ಒದ್ದೆಯಾಗಿದ್ದರೆ ಸಾಕು. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಅಧಿಕ ಮಳೆ ಸುರಿಯುವ ಆಗುಂಬೆಯಂತಹ ಸೀಮೆಯಲ್ಲಿ, ಆಷಾಢದ ದಿನಗಳಲ್ಲಿ ಎಲೆ ಒಣಗುವುದೆಂತು? ಮಳೆಗಾಲ ಮುಗಿಯುವಷ್ಟರಲ್ಲಿ ಗಿಡ ಬೆತ್ತಲಾಗುತ್ತದೆ, ಕೊಂಬೆ ತುದಿಯಿಂದ ಒಣಗುತ್ತ ಬರುತ್ತದೆ. ನಾವು ಮತ್ತೆ ಸೀಸೆಗೆ ಕೈ ಹಾಕುತ್ತೇವೆ, ಇಲ್ಲವೇ ಮತ್ತೊಂದು ಕಸಿಗಿಡ ಕೊಳ್ಳುತ್ತೇವೆ. ಎರಡರಿಂದಲೂ ಲಾಭ ಅಂಗಡಿಗೇ.

ಶಿಫಾರಸಿನ ಪ್ರಮಾಣದಲ್ಲಿ ಬಳಸಿದರೆ ಹಾನಿಯಿಲ್ಲವೆಂದು ಹೇಳುವವರಿದ್ದಾರೆ. ಗುಲಾಬಿ ಕೃಷಿಯ ಕೈಪಿಡಿಗಳಲ್ಲಿ ನುಸಿಗೆ ಡೈಕೋಫಾಲ್, ಬೂದಿರೋಗಕ್ಕೆ ಡೈನೋಕ್ಯಾಪ್ ಎಂದು ದಶಕಗಳ ಕಾಲ ಶಿಫಾರಸು ಮಾಡಲಾಗಿತ್ತು. 2023ರಲ್ಲಿ ಕೇಂದ್ರ ಸರ್ಕಾರ ಇವೆರಡನ್ನೂ ನಿಷೇಧಿಸಿತು. ನಿನ್ನೆಯ ಶಿಫಾರಸು ಇಂದು ನಿಷಿದ್ಧವಾಗಿರುವಾಗ, ಇಂದಿನ ಶಿಫಾರಸನ್ನು ಯಾವ ಧೈರ್ಯದಿಂದ ನಂಬೋಣ?

ಇನ್ನು ಕೆಲವರು, ಅಡಿಕೆಗೆ ಬೋರ್ಡೋ ಹೊಡೆಯುವ ನಮಗೆ ಗುಲಾಬಿಯ ಸಿಂಪಡಣೆಯನ್ನು ಟೀಕಿಸುವ ಹಕ್ಕೆಲ್ಲಿದೆ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಕೊಳೆರೋಗದ ಅಧ್ಯಯನವನ್ನು ಪ್ರಕಟಿಸಿದ ಕಾಲದಿಂದಲೂ ಬೋರ್ಡೋ ದ್ರಾವಣ ನಮ್ಮ ತೋಟಗಳಲ್ಲಿದೆ. ಅದು ಅನ್ನದ ಪ್ರಶ್ನೆ. ಅದಕ್ಕೆ ಪರ್ಯಾಯ ಹುಡುಕುವುದು ಕಷ್ಟದ ಕೆಲಸ. ಗುಲಾಬಿಯಾದರೋ ಅಲಂಕಾರ. ಇಲ್ಲಿ ಪರ್ಯಾಯ ಕಣ್ಣೆದುರಿಗೇ ಇದೆ. ಸುಲಭವಾದುದನ್ನೂ ಮಾಡದವರು ಕಷ್ಟವಾದುದನ್ನು ಮಾಡುವರೆಂದು ನಂಬುವುದು ಹೇಗೆ?

ಆ ಪರ್ಯಾಯವೇ ಪೊದೆಗುಲಾಬಿ. ಹಳೆಯ ಮನೆಗಳ ಬೇಲಿಯ ಪಕ್ಕದಲ್ಲಿ ಯಾರ ಆರೈಕೆಯೂ ಇಲ್ಲದೆ ಗೊಂಚಲು ಗೊಂಚಲಾಗಿ ಅರಳುವ ನಾಟಿ ಗುಲಾಬಿಗಳನ್ನು ನೆನಪಿಸಿಕೊಳ್ಳಿ. ವರ್ಷವಿಡೀ ಹೂ ಕೊಡುವ ಚೀನಾ ಗುಲಾಬಿಗಳು, ಕಿರುಹೂವಿನ ಪಾಲಿಯಾಂಥಾಗಳು ಈ ಗುಂಪಿನಲ್ಲಿ ಉಲ್ಲೇಖಾರ್ಹ. ಇವುಗಳಿಗೂ ಮಳೆಗಾಲದಲ್ಲಿ ಚುಕ್ಕೆ ಬೀಳಬಹುದು, ಎಲೆ ಉದುರಬಹುದು. ಆದರೆ ಒಗ್ಗಿದ ಗಿಡ ಬಿಸಿಲು ಬಿದ್ದೊಡನೆ ತಾನೇ ಚಿಗುರಿಕೊಳ್ಳುತ್ತದೆ. ಯುರೋಪಿನ ಹವೆಗೆಂದು ರೂಪಿಸಿದ ತಳಿಗಳು ಬಿಸಿನಾಡಿಗೆ ಒಗ್ಗವೆಂಬುದನ್ನು ಮನಗಂಡು, ಕೊಡೈಕೆನಾಲಿನಲ್ಲಿ ನೆಲೆಸಿದ ಎಂ.ಎಸ್. ವೀರರಾಘವನ್ ಅವರು ಭಾರತದ್ದೇ ಕಾಡುಗುಲಾಬಿಗಳಾದ ರೋಸಾ ಕ್ಲೈನೋಫಿಲ್ಲಾ, ರೋಸಾ ಜೈಗಾಂಟಿಯಾಗಳನ್ನು ಬಳಸಿ ದಶಕಗಳ ಕಾಲ ಹೊಸ ತಳಿಗಳನ್ನು ಬೆಳೆಸಿದರು. ನೆಲಕ್ಕೆ ಹೊಂದುವ ಗಿಡವನ್ನು ಅರಸಬೇಕೇ ಹೊರತು ಗಿಡಕ್ಕಾಗಿ ನೆಲವನ್ನು ಕೆಡಿಸಬಾರದೆಂಬುದೇ ಆ ಶ್ರಮದ ಪಾಠ.

ಇದರ ಹೂವು ಚಿಕ್ಕದು, ಎಸಳು ಬೇಗ ಉದುರುತ್ತದೆ ಎಂಬ ಆಕ್ಷೇಪ ನಿಜ. ಆದರೆ ಗುಲಾಬಿಯ ಚೆಲುವನ್ನು ತೊಟ್ಟಿನ ಉದ್ದದಿಂದ ಅಳೆಯಬೇಕೆಂದು ನಿರ್ಧರಿಸಿದವರು ಯಾರು? ಹೂವನ್ನು ಪೆಟ್ಟಿಗೆಯಲ್ಲಿ ತುಂಬಿ ದೂರದೂರಿಗೆ ಕಳುಹಿಸುವ ವ್ಯಾಪಾರ. ಮುಡಿಗೆ, ದೇವರ ಪೂಜೆಗೆ ಬೆಳಗ್ಗೆ ಕೊಯ್ದ ಪುಟ್ಟ ಹೂವೇ ಸಾಕು. ಎಸಳು ಕಡಿಮೆಯಿರುವ ಹೂಗಳಿಂದ ತುಡುವೆ ಜೇನಿಗೆ ಪರಾಗವೂ ದೊರೆಯುತ್ತದೆ.

ಬೆಳೆಸುವ ಕ್ರಮ ಸರಳ. ಮುಂಗಾರಿನ ಆರಂಭದಲ್ಲಿ ಪೆನ್ಸಿಲ್ ಗಾತ್ರದ, ನಾಲ್ಕು ಕಣ್ಣುಗಳಿರುವ ಬಲಿತ ಕಡ್ಡಿಗಳನ್ನು ಸೂರಿನ ಹನಿ ಬೀಳದೆಡೆಯಲ್ಲಿ ಊರಿರಿ. ಬೇರು ಬಂದ ಮೇಲೆ, ಐದಾರು ಗಂಟೆ ಬಿಸಿಲು ಬೀಳುವಲ್ಲಿ ಮಣ್ಣು ಏರಿಸಿ ದಿಬ್ಬ ಮಾಡಿ, ನಾಲ್ಕು ಅಡಿ ಅಂತರದಲ್ಲಿ ನೆಡಿ. ನೀರು ನಿಲ್ಲಕೂಡದು. ಬುಡಕ್ಕೆ ಕೊಟ್ಟಿಗೆ ಗೊಬ್ಬರ, ಮೇಲೆ ದರಕಿನ ಹೊದಿಕೆ. ಚುಕ್ಕೆ ಬಿದ್ದು ಉದುರಿದ ಎಲೆಗಳನ್ನು ಆರಿಸಿ ದೂರದಲ್ಲಿ ಹೂಳಿರಿ. ಮಳೆ ನಿಂತ ಮೇಲೆ ಒಣಕೊಂಬೆ ತೆಗೆದು ಗಾಳಿ ಆಡುವಂತೆ ಹಗುರವಾಗಿ ಸವರಿದರೆ ಆಯಿತು. ಕಡ್ಡಿಯಿಂದ ಬೆಳೆದ ಗಿಡ ತನ್ನದೇ ಬೇರಿನ ಮೇಲೆ ನಿಲ್ಲುವುದರಿಂದ, ಕಸಿ ಸತ್ತು ಬುಡದ ಗಿಡ ಮೇಲೇಳುವ ತೊಂದರೆಯೂ ಇಲ್ಲ.

ಆದರೆ ಒಂದು ಎಚ್ಚರಿಕೆ. ಆರೈಕೆ ಬೇಡದ ಅಲಂಕಾರದ ಗಿಡವೆಂದು ಬಂದ ಲಂಟಾನಾ ನಮ್ಮ ಕಾಡನ್ನು ಏನು ಮಾಡಿದೆಯೆಂಬುದು ಗೊತ್ತೇ ಇದೆ. ಅಮೆರಿಕದಲ್ಲಿ 1930ರ ದಶಕದಿಂದ ಮಣ್ಣಿನ ಸವಕಳಿ ತಡೆಗೆಂದು ಸರ್ಕಾರವೇ ಪ್ರೋತ್ಸಾಹಿಸಿದ ರೋಸಾ ಮಲ್ಟಿಫ್ಲೋರಾ ಎಂಬ ಗುಲಾಬಿ ಅಲ್ಲಿ ಹುಲ್ಲುಗಾವಲುಗಳನ್ನು ಆವರಿಸಿದ ಕಳೆಯಾಯಿತು. ಆದ್ದರಿಂದ ಯಾವ ಗುಲಾಬಿಯೇ ಆಗಲಿ, ಅದರ ಸ್ಥಾನ ಮನೆಯಂಗಳ. ಸೊಪ್ಪಿನಬೆಟ್ಟಕ್ಕೂ ಕಾಡಂಚಿಗೂ ಅದನ್ನು ಒಯ್ಯಬೇಡಿ.

ವಿದ್ಯಾರ್ಥಿ ಮಿತ್ರರಿಗೆ ಒಂದು ಕೆಲಸ: ನಿಮ್ಮ ಊರಿನಲ್ಲಿ ಔಷಧವಿಲ್ಲದೆ ಹತ್ತು ಮಳೆಗಾಲ ಕಂಡ ಗುಲಾಬಿ ಯಾರ ಮನೆಯಲ್ಲಿದೆಯೆಂದು ಹುಡುಕಿ, ಬರೆದಿಡಿ. ಅದಕ್ಕಿಂತ ಮಿಗಿಲಾದ ಪ್ರಮಾಣಪತ್ರ ಯಾವ ನರ್ಸರಿಯಲ್ಲೂ ದೊರೆಯದು. ಮನೆಯ ತಾಯಂದಿರೇ, ಬೀಜವನ್ನು ಹಂಚಿಕೊಂಡು ಉಳಿಸಿದವರು ನೀವು. ಬರುವ ಮುಂಗಾರಿಗೆ ಆ ಗಿಡದ ನಾಲ್ಕು ಕಡ್ಡಿಗಳನ್ನು ನೆರೆಮನೆಗೂ ಕೊಡಿ. ಜಗಲಿಯ ಮೂಲೆಯ ಸೀಸೆ ಮತ್ತೆ ಮನೆಯೊಳಗೆ ಬಾರದಿರಲಿ.